ಮನೆಗೆ ಮಾಂಸ ತೆಳ್ಳಗೆ ಕೊಯ್ಯುವ ಕರೆಂಟ್ ಸ್ಲೈಸರ್: ಯಾವುದು ತಗೊಳ್ಳಲಿ?

ಕೋಡಿಬಾಗದ ಸೊಸೆ, ಕಾರವಾರ:

ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆದದ್ದು ಎರಡೋ ಮೂರೋ ಸಲ. ಈಗ ಒಂದು ಮಷಿನ್ ವಿಷಯಕ್ಕೆ ತಲೆ ಕೆಟ್ಟು ಹೋಗಿದೆ. ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಮನೆಯಲ್ಲಿ ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ಸಿಗೆ, ಉಪ್ಪಿನ ಮಾಂಸ ಮಾಡುವುದು ಅತ್ತೆಯ ಕೆಲಸ. ಎಲುಬಿಲ್ಲದ ಹಂದಿ ತೊಡೆಗೆ ಉಪ್ಪು, ಸಕ್ಕರೆ, ಲಿಂಬೆರಸ, ಚಿಟಿಕೆ ಪೆಟ್ಲುಪ್ಪು (ಸಾಲ್ಟ್‌ಪೀಟರ್) ತಿಕ್ಕಿ ಭರಣಿಗೆ ಹಾಕಿ, ಮೇಲೊಂದು ಕಲ್ಲು ಹೇರುತ್ತಾರೆ. ಮೊದಲು ಭರಣಿ ಅಡುಗೆಮನೆ ಮೂಲೆಯಲ್ಲೇ ಇರುತ್ತಿತ್ತಂತೆ, ಈಗ ಫ್ರಿಜ್ಜಿನಲ್ಲಿ. ದಿನಾ ಮಗುಚಬೇಕು. ಎಂಟು ದಿನ ಕಳೆದ ಮೇಲೆ ಲವಂಗ, ಕರಿಮೆಣಸು ಹಾಕಿ ಬೇಯಿಸಿ, ತಣಿಸಿ, ಕೊಯ್ಯುವುದು. ಆ ಕೊಯ್ಯುವುದೇ ದೊಡ್ಡ ಕೆಲಸ. ಅತ್ತೆ ಕೊಯ್ದ ಹೋಳನ್ನು ತಟ್ಟೆಗೆ ಹಾಕಿದರೆ ತಟ್ಟೆಯ ಹೂವು ಕಾಣಬೇಕು. ಅಷ್ಟು ತೆಳ್ಳಗೆ.

ಹೋದ ವರ್ಷ ಮಳೆಗಾಲದಲ್ಲಿ ಬಾವಿಕಟ್ಟೆಯ ಪಾಚಿ ಮೇಲೆ ಜಾರಿ ಅವರ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿ ಎಷ್ಟೋ ದಿನ ಆಯಿತು, ಆದರೂ ಐದು ನಿಮಿಷ ಕತ್ತಿ ಹಿಡಿದರೆ ಕೈ ನಡುಗುತ್ತದೆ. ಹಾಗಾಗಿ ಹೋದ ಡಿಸೆಂಬರಿನಲ್ಲಿ ಕತ್ತಿ ನನ್ನ ಕೈಗೆ ಬಂತು. ನಾನು ಕೊಯ್ದದ್ದು ಒಂದು ತುದಿ ಹಪ್ಪಳ, ಇನ್ನೊಂದು ತುದಿ ಚಪ್ಪಲಿ. ಅತ್ತೆ ಏನೂ ಅನ್ನಲಿಲ್ಲ. ಸುಮ್ನೆ ದಪ್ಪ ಹೋಳುಗಳನ್ನೆಲ್ಲ ಆರಿಸಿ ಮನೆಯವರಿಗೆ ಇಟ್ಟು, ತೆಳ್ಳಗಿದ್ದ ನಾಲ್ಕನ್ನು ಪಕ್ಕದ ಮನೆಗೆ ಕಳಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಈಗ ಅಕ್ಟೋಬರ್. ಈ ಸಲ ಮಷಿನ್ ತಂದೇಬಿಡೋಣ ಅಂತ. ನಾತಾಳಕ್ಕೆ ಮಾತ್ರ ಅಲ್ಲ. ಮಕ್ಕಳ ಡಬ್ಬಿಗೆ ವಾರಕ್ಕೆರಡು ಸಲ ಚಿಕನ್ ರೋಸ್ಟ್ ಮಾಡಿ ಸ್ಯಾಂಡ್‌ವಿಚ್ ಕಟ್ಟುತ್ತೇನೆ, ಅದಕ್ಕೂ ಬೇಕು. 15 ಸಾವಿರದೊಳಗೆ ಮುಗಿಯಬೇಕು. ಆನ್‌ಲೈನ್ ನೋಡಿದರೆ ಒಂದರಲ್ಲಿ 100 ವ್ಯಾಟ್, ಒಂದರಲ್ಲಿ 150, ಇನ್ನೊಂದರಲ್ಲಿ 200. ಬ್ಲೇಡ್ ಕೆಲವಕ್ಕೆ ಹಲ್ಲು ಇದೆ, ಕೆಲವಕ್ಕೆ ಇಲ್ಲ. ನಮ್ಮವರು ದುಬೈಯಲ್ಲಿದ್ದಾರೆ, ಅಲ್ಲಿಂದಲೇ ತರುತ್ತೇನೆ ಅನ್ನುತ್ತಾರೆ. ನಾದಿನಿ ಅಮೆರಿಕದಲ್ಲಿ, ಅವಳ ಹತ್ತಿರ ಒಂದು ಸುಮ್ನೆ ಬಿದ್ದಿದೆಯಂತೆ, ಪುಕ್ಕಟೆ ಕೊಡುತ್ತಾಳಂತೆ. ಇದರ ಮೇಲೆ ಗೋವಾದಲ್ಲಿ ಹೋಟೆಲ್ ಮುಚ್ಚಿದವರೊಬ್ಬರು 10 ಇಂಚಿನ ದೊಡ್ಡದನ್ನು ಕಮ್ಮಿ ರೇಟಿಗೆ ಮಾರುತ್ತಿದ್ದಾರೆ.

ಮತ್ತೆ ನಮ್ಮ ಮನೆಗೂ ಸಮುದ್ರಕ್ಕೂ ಕೂಗಳತೆ ದೂರ. ಇಲ್ಲಿ ಬೀಗದ ಕೈಯೂ ತುಕ್ಕು ಹಿಡಿಯುತ್ತದೆ. ಬ್ಲೇಡ್ ಉಳಿಯುತ್ತದಾ? ಇದರಲ್ಲೇ ಇಶೋಣ ಮೀನಿನ ಹೋಳು ಮಾಡಬಹುದಾ? ಗೊತ್ತಿದ್ದವರು ಹೇಳಿ.

ಅಂಕೋಲೆ ಕಡೆಯವ:

ಅಕ್ಕಾ, ಮಷಿನ್ ಬೇಡ. 12 ಇಂಚಿನ ಉದ್ದ ಕತ್ತಿ, ಒಂದು ಸಾಣೆಕಲ್ಲು ತಗೊಳ್ಳಿ. ನೀವು ತರಕಾರಿ ಕತ್ತಿಯಲ್ಲಿ ಕೊಯ್ದಿರಬೇಕು, ಅದಕ್ಕೇ ಚಪ್ಪಲಿ ಆದದ್ದು. ಉಳಿದ ದುಡ್ಡಿನಲ್ಲಿ ಇನ್ನೊಂದು ತೊಡೆ ತನ್ನಿ.

ಮೋಟರ್ ರಿಪೇರಿ ಭಟ್ಟ, ಶಿರಸಿ:

ಮೊದಲೇ ಹೇಳಿಬಿಡುತ್ತೇನೆ, ನಾನು ಮಾಂಸ ತಿನ್ನುವವನಲ್ಲ. ಮಾಂಸದ ರುಚಿ ಬಗ್ಗೆ ನನ್ನ ಕೇಳಬೇಡಿ. ಆದರೆ ಮಷಿನ್ನಿಗೆ ಜಾತಿ ಇಲ್ಲವಲ್ಲ. ಮಿಕ್ಸಿ, ಪಂಪು, ಅಡಿಕೆ ಸುಲಿಯುವ ಮಷಿನ್ನಿನ ಮೋಟರ್ ಎಲ್ಲ ನನ್ನ ಅಂಗಡಿಗೆ ಬರುತ್ತವೆ. ಸ್ಲೈಸರ್ ಈವರೆಗೆ ಮೂರು ಬಂದಿವೆ.

ಒಂದು ತಂದವರು ನಮ್ಮ ಕಡೆಯವರೇ, ಬಾಳೆಕಾಯಿ ಚಿಪ್ಸ್ ಮಾಡಲು ಕೊಂಡದ್ದು. ಬಾಳೆಕಾಯಿ ಸೊನೆ ಬ್ಲೇಡಿನ ಹಿಂದೆ ಹೋಗಿ ಅಂಟಾಗಿ, ಒಣಗಿ, ಬ್ಲೇಡನ್ನೇ ಕಚ್ಚಿ ಹಿಡಿದಿತ್ತು. ಅವರು ಬಿಡದೆ ಸ್ವಿಚ್ ಒತ್ತಿದ್ದಾರೆ. ಮೋಟರಿಗೆ ಏನೂ ಆಗಿರಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಗೇರು ಬಿಳಿ ಪ್ಲಾಸ್ಟಿಕ್ಕಿನದು, ಹಲ್ಲು ಅರ್ಧ ಉದುರಿ ಗ್ರೀಸಿನಲ್ಲಿ ಅಕ್ಕಿ ನುಚ್ಚಿನ ಹಾಗೆ ಕೂತಿದ್ದವು. ಆ ಗೇರು ಬಿಡಿಯಾಗಿ ಎಲ್ಲೂ ಸಿಗಲಿಲ್ಲ. ಇಡೀ ಮಷಿನ್ ಅಟ್ಟಕ್ಕೆ ಹೋಯಿತು. ಇದನ್ನು ಯಾಕೆ ಹೇಳಿದೆ ಅಂದರೆ, ನೀವು ವ್ಯಾಟ್ ವ್ಯಾಟ್ ಅನ್ನುತ್ತಿದ್ದೀರಿ. ವ್ಯಾಟ್ ಅಂದರೆ ಮೋಟರ್ ಎಷ್ಟು ಕರೆಂಟು ಕುಡಿಯುತ್ತದೆ ಅನ್ನುವ ಲೆಕ್ಕ. ಎಷ್ಟು ದುಡಿಯುತ್ತದೆ ಅನ್ನುವುದು ಗೇರಿನ ಮೇಲೆ ಇದೆ. 65 ವ್ಯಾಟಿನ ಜರ್ಮನ್ ಮಷಿನ್‌ಗಳು ಮನೆಗಳಲ್ಲಿ ವರ್ಷಗಟ್ಟಲೆ ನಡೆಯುತ್ತವೆ. 200 ವ್ಯಾಟ್ ಬರೆದುಕೊಂಡ ಕೆಲವು ಒಂದು ಬೇಸಿಗೆ ದಾಟುವುದಿಲ್ಲ. ಕೊಳ್ಳುವ ಮೊದಲು ಗೇರು, ಬ್ಲೇಡ್ ಬಿಡಿಯಾಗಿ ಸಿಗುತ್ತವಾ ಅಂತ ಕೇಳಿ.

ಮಷಿನ್ ಮಗುಚಿ ತಳದ ಚೀಟಿ ಓದಿ. ‘ಕೆಬಿ 5 ಮಿನಿಟ್’ ಅಂತಲೋ ‘10 ಮಿನಿಟ್’ ಅಂತಲೋ ಇರುತ್ತದೆ. ಒಂದೇ ಸಮ ಅಷ್ಟು ಹೊತ್ತು ಮಾತ್ರ ಓಡಿಸಬೇಕು, ಆಮೇಲೆ ತಣಿಯಲು ಬಿಡಬೇಕು ಅಂತ ಅರ್ಥ. ಮನೆ ಮಷಿನ್ ಹೆಚ್ಚಿನವು ಹೀಗೆಯೇ. ಅದು ದೋಷ ಅಲ್ಲ. ನಿಮ್ಮ ಒಂದು ತೊಡೆಗೆ 5 ನಿಮಿಷ ಧಾರಾಳ ಸಾಕು.

ದುಬೈಯದು ತರಬಹುದು. ಅಲ್ಲೂ 230 ವೋಲ್ಟ್, 50 ಹರ್ಟ್ಸ್, ನಮ್ಮದೇ. ಪಿನ್ ಮಾತ್ರ ಚೌಕದ್ದು, ಬದಲಿಸಬೇಕು. ಅಮೆರಿಕದ್ದು ಪುಕ್ಕಟೆ ಬಂದರೂ ಬೇಡ. ಅದು 120 ವೋಲ್ಟಿನದು. ಯಾರಾದರೂ ಮರೆತು ನೇರ ನಮ್ಮ ಪ್ಲಗ್ಗಿಗೆ ಹಾಕಿದರೆ ಹೊಗೆ ನೋಡಬಹುದು. ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದು, ಆದರೆ ಮಾಂಸ ಕೊಯ್ಯಲು ಇಟ್ಟಿಗೆ ತೂಕದ ಡಬ್ಬಿ ಯಾಕೆ ಬೇಕು?

ಇನ್ನೊಂದು, ಇದು ಗಂಭೀರ. ಮೈ ಎಲ್ಲ ಲೋಹದ್ದಾದರೆ ಅರ್ಥಿಂಗ್ ಬೇಕೇ ಬೇಕು. ನಿಮ್ಮದು ಹಳೆಯ ಚಿರೆಕಲ್ಲಿನ ಮನೆ ಆಗಿದ್ದರೆ ಅಡುಗೆಮನೆಯಲ್ಲಿ ಮೂರು ತೂತಿನ ಪ್ಲಗ್ ಇದ್ದರೂ ಮೂರನೆಯದಕ್ಕೆ ವೈರ್ ಇರುವುದಿಲ್ಲ. ನಾನು ಎಷ್ಟೋ ಕಡೆ ನೋಡಿದ್ದೇನೆ. ಒದ್ದೆ ಕೈ, ಉಪ್ಪುನೀರು, ಲೋಹದ ಮಷಿನ್, ಯೋಚನೆ ಮಾಡಿ. ವೈರ್‌ಮನ್ ಕರೆದು ತೋರಿಸಿ.

ಕರೆಂಟು ಹೋದಾಗ ಇನ್ವರ್ಟರಿನಲ್ಲಿ ಓಡಿಸುವವರಾದರೆ ಸೈನ್ ವೇವ್ ಇದ್ದರೆ ಚಿಂತೆ ಇಲ್ಲ. ಹಳೆ ಸ್ಕ್ವೇರ್ ವೇವ್ ಆದರೆ ಮೋಟರ್ ಗುಂಯ್ ಅನ್ನುತ್ತ ಬಿಸಿ ಆಗುವುದುಂಟು. ಕರೆಂಟು ಬರುವವರೆಗೆ ಕಾಯಿರಿ.

ಹೊನ್ನಾವರದ ಬಾಣಸಿಗ:

ನಾನು ಪ್ರವಾಸಿ ಹಡಗಿನ ಕೋಲ್ಡ್ ಕಿಚನ್ನಿನಲ್ಲಿ 11 ವರ್ಷ ಇದ್ದವ. ದಿನಕ್ಕೆ ಎಷ್ಟು ಕಿಲೋ ಹ್ಯಾಮ್ ಕೊಯ್ದಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಈಗ ಊರಲ್ಲಿ ಮನೆಯಲ್ಲೊಂದು ಸಣ್ಣದು ಇಟ್ಟುಕೊಂಡಿದ್ದೇನೆ.

ಭಟ್ಟರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ಹೋಳು ಚಪ್ಪಲಿ ಆದದ್ದಕ್ಕೆ ಕತ್ತಿಯೊಂದೇ ಕಾರಣ ಅಲ್ಲ. ಮಾಂಸ ಬಿಸಿ ಇತ್ತು, ಅಲ್ವಾ? ಕೈ ಮುಟ್ಟಿದರೆ ತಣ್ಣಗೆ ಅನಿಸಿದರೂ ಒಳಗೆ ಮೆತ್ತಗೆ ಇರುತ್ತದೆ. ಅದನ್ನು ಎಂಥ ಮಷಿನ್ನಿಗೆ ಕೊಟ್ಟರೂ ಹರಿಯುತ್ತದೆ, ಕೊಬ್ಬು ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ. ಬೇಯಿಸಿದ್ದನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಭಾರ ಹೇರಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡಿ. ಕೊಯ್ಯುವ ಮೊದಲು ಮುಕ್ಕಾಲು ಗಂಟೆ ಫ್ರೀಜರಿಗೆ ಹಾಕಿ. ಹೆಬ್ಬೆರಳಲ್ಲಿ ಒತ್ತಿ ನೋಡಿ. ಮೇಲೆ ಗಟ್ಟಿ, ಒಳಗೆ ಸ್ವಲ್ಪ ಬಾಗಿದ ಹಾಗೆ ಅನಿಸಬೇಕು, ಹಳೆ ಸಾಬೂನಿನ ಹಾಗೆ. ಕಲ್ಲಾಗಿದ್ದರೆ ಅರ್ಧ ಗಂಟೆ ಹೊರಗಿಡಿ. ಪೂರ್ತಿ ಹೆಪ್ಪುಗಟ್ಟಿದ್ದನ್ನು ತುರುಕಿದರೆ ಭಟ್ಟರ ಅಂಗಡಿಗೆ ನಾಲ್ಕನೇ ಗಿರಾಕಿ ನೀವು.

ನಾರು ಯಾವ ಕಡೆ ಓಡುತ್ತದೆ ನೋಡಿ, ಅದಕ್ಕೆ ಅಡ್ಡ ಕೊಯ್ಯಬೇಕು. ನಾರಿನ ಉದ್ದಕ್ಕೆ ಕೊಯ್ದರೆ ಎಷ್ಟೇ ತೆಳ್ಳಗಿದ್ದರೂ ಹಗ್ಗ ಜಗಿದ ಹಾಗೆ. ಮತ್ತೆ ಕಟ್ಟಿದ ದಾರ ಬಿಚ್ಚಿ ಇಡಿ! ನಮ್ಮ ಹಡಗಿನಲ್ಲಿ ಹೊಸ ಹುಡುಗನೊಬ್ಬ ದಾರ ಸಮೇತ ಕೊಟ್ಟು, ಅದು ಬ್ಲೇಡಿನ ದಿಂಡಿಗೆ ಸುತ್ತಿಕೊಂಡು ಒಂದು ಗಂಟೆ ಕೆಲಸ ನಿಂತಿತ್ತು.

ಬ್ಲೇಡ್ ಬಗ್ಗೆ. ಹಲ್ಲಿನದು ಬ್ರೆಡ್ಡಿಗೆ, ಗಟ್ಟಿ ಹೊರಮೈ ಇರುವುದಕ್ಕೆ. ಬೆಂದ ಹ್ಯಾಮ್, ಚಿಕನ್ ಎದೆಗೆ ಹಲ್ಲಿಲ್ಲದ್ದೇ ಬೇಕು. ಹಲ್ಲಿನದರಲ್ಲಿ ಪುಡಿ ಪುಡಿ ಉದುರುತ್ತದೆ. ಮನೆ ಮಷಿನ್ನಿಗೆ ಸಾಮಾನ್ಯವಾಗಿ ಹಲ್ಲಿನದೇ ಬರುವುದು. ಹಾಗಾಗಿ ನುಣುಪಿನದು ಬೇರೆ ಸಿಗುವ ಮಾಡೆಲ್ಲೇ ತಗೊಳ್ಳಿ. ಗಾತ್ರ ಏಳೂವರೆ ಇಂಚು ಸಾಕು. ಆದರೆ ಅಷ್ಟು ದಪ್ಪದ ಮಾಂಸ ಅದರಲ್ಲಿ ಹಿಡಿಯುವುದಿಲ್ಲ. ನಡುವಿನ ಗುಂಡು, ಕೆಳಗಿನ ಗಾರ್ಡು ಕಳೆದು ಕೊಯ್ಯಲು ಸಿಗುವುದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ತೊಡೆಯನ್ನು ಎರಡು ಭಾಗ ಮಾಡಿ, ನಾಲ್ಕು ಇಂಚು ದಪ್ಪದ ದಿಂಡು ಮಾಡಿ ಕಟ್ಟಿ ಬೇಯಿಸಿ.

ಗೋವಾದ 10 ಇಂಚಿನದು ಬೇಡ. ಅಂಥದು 15 ಕಿಲೋ ಆಚೆಈಚೆ ತೂಗುತ್ತದೆ. ತೂಕ ದೊಡ್ಡದಲ್ಲ, ತೊಳೆಯುವುದು ದೊಡ್ಡದು. ಸ್ಲೈಸರ್ ಕೊಳ್ಳುವಾಗ ಕೊಯ್ಯುವುದನ್ನು ನೋಡಬೇಡಿ, ಬಿಚ್ಚುವುದನ್ನು ನೋಡಿ. ಬ್ಲೇಡ್ ಕಳಚಬೇಕು, ತಟ್ಟೆ ಕಳಚಬೇಕು, ಮಾಂಸ ತಳ್ಳುವ ಹಿಡಿ ಕಳಚಬೇಕು. ಬ್ಲೇಡಿನ ಹಿಂದೆ ಕೈ ಹೋಗದ ಮಷಿನ್ ಪುಕ್ಕಟೆ ಕೊಟ್ಟರೂ ಒಳಗೆ ತರಬೇಡಿ. ಅಲ್ಲಿ ಕೂತ ಚೂರು ಎರಡು ದಿನಕ್ಕೆ ನಾರುತ್ತದೆ, ಮೂರನೇ ದಿನ ಹೊಟ್ಟೆ ಕೆಡಿಸುತ್ತದೆ. ಅಮೆರಿಕದ ಆಹಾರ ನಿಯಮದಲ್ಲಿ ಸ್ಲೈಸರನ್ನು ಕನಿಷ್ಠ 4 ಗಂಟೆಗೊಮ್ಮೆ ಬಿಚ್ಚಿ ತೊಳೆಯಬೇಕು ಅಂತ ಇದೆ. ಹಡಗಿನಲ್ಲಿ ಅದಕ್ಕೆ ಬೇರೆ ಪುಸ್ತಕವೇ ಇಟ್ಟು ಸಹಿ ಹಾಕಿಸುತ್ತಿದ್ದರು. ಮನೆಯಲ್ಲಿ ನಾಲ್ಕು ಗಂಟೆ ಬೇಡ, ಕೆಲಸ ಮುಗಿದ ಕೂಡಲೇ ತೊಳೆಯಿರಿ. ಹಸಿ ಮಾಂಸ ಕೊಯ್ದ ಬ್ಲೇಡಿನಲ್ಲಿ ತೊಳೆಯದೆ ಬೆಂದದ್ದು ಕೊಯ್ಯಲೇಬಾರದು.

ಬೆರಳು ಹೋಗುವುದು ಕೊಯ್ಯುವಾಗ ಮಾತ್ರ ಅಲ್ಲ, ತೊಳೆಯುವಾಗಲೂ ಹೋಗುತ್ತದೆ. ಮೊದಲು ಪ್ಲಗ್ ಕಿತ್ತು ಹಾಕಿ. ಸ್ವಿಚ್ ಆಫ್ ಸಾಲದು. ಹೋಳಿನ ದಪ್ಪ ಹೊಂದಿಸುವ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಬ್ಲೇಡಿನ ಬಾಯಿ ತಗಡಿನ ಹಿಂದೆ ಅಡಗುತ್ತದೆ. ಬಟ್ಟೆಯಲ್ಲಿ ಒರೆಸುವುದು ನಡುವಿನಿಂದ ಅಂಚಿನ ಕಡೆಗೆ, ಅಂಚಿನ ಉದ್ದಕ್ಕೆ ಅಲ್ಲ. ಕತ್ತರಿಸದ ಗ್ಲೌಸ್ ಹಾಕಿಕೊಳ್ಳಿ. ಕೊಯ್ಯುವಾಗ ಗ್ಲೌಸ್ ಇದೆ ಅಂತ ಕೈಯಲ್ಲಿ ಮಾಂಸ ತಳ್ಳಬೇಡಿ, ಹಿಡಿ ಇರುವುದೇ ಅದಕ್ಕೆ.

ಇಶೋಣಕ್ಕೆ ಆಗುವುದಿಲ್ಲ. ನಡುಮುಳ್ಳು ಬ್ಲೇಡಿನ ಬಾಯಿ ಮುರಿಯುತ್ತದೆ. ಮಾರ್ಕೆಟ್ಟಿನಲ್ಲಿ ಮೀನಮ್ಮ ಎರಡು ನಿಮಿಷದಲ್ಲಿ ಮಾಡಿಕೊಡುತ್ತಾಳೆ, ಅವಳ ಹೊಟ್ಟೆ ಮೇಲೆ ಯಾಕೆ ಹೊಡೆಯುತ್ತೀರಿ?

ಅಂಕೋಲೆಯ ಅಣ್ಣನಿಗೆ ಒಂದು ಮಾತು. ಈ ಮಷಿನ್ ಮಾಡಿದ್ದೇ ಕತ್ತಿ ಹಿಡಿದವನೊಬ್ಬ. ರಾಟರ್‌ಡ್ಯಾಮಿನ ವಿಲ್ಹೆಲ್ಮ್ ವ್ಯಾನ್ ಬರ್ಕೆಲ್ ಅನ್ನುವ ಮಾಂಸದಂಗಡಿಯವ, 1898ರಲ್ಲಿ. ತಿರುಗುವ ಗುಂಡು ಬ್ಲೇಡಿನ ಎದುರು ಮಾಂಸವನ್ನೇ ಓಡಾಡಿಸುವ ಉಪಾಯ ಅವನದು. ದಿನವಿಡೀ ಕೈಯಲ್ಲಿ ಕೊಯ್ದವನಿಗೇ ಅದು ಹೊಳೆಯುವುದು.

ಭಟ್ಕಳದಿಂದ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ಎಲುಬಿನ ಮಟನ್ ಆಗುತ್ತದಾ? ಬಿರಿಯಾನಿಗೆ.

ಹೊನ್ನಾವರದ ಬಾಣಸಿಗ:

ಇಲ್ಲ. ಎಲುಬು ಅಂದರೆ ಸ್ಲೈಸರ್ ಅಲ್ಲವೇ ಅಲ್ಲ. ಎಲುಬಿಲ್ಲದ ಹಸಿ ಮಟನ್ನನ್ನು ಅರೆ ಹೆಪ್ಪುಗಟ್ಟಿಸಿ ತೆಳ್ಳಗೆ ಕೊಯ್ಯಬಹುದು, ತವಾ ಫ್ರೈಗೆ ಬಹಳ ಚೆನ್ನ. ಬಿರಿಯಾನಿಗೆ ನಿಮ್ಮ ಅಂಗಡಿಯವನ ಮಚ್ಚೇ ಸರಿ.

ಕೋಡಿಬಾಗದ ಸೊಸೆ, ಕಾರವಾರ:

ಇಬ್ಬರಿಗೂ ದೊಡ್ಡ ನಮಸ್ಕಾರ. ಹೌದು ಬಾಣಸಿಗರೇ, ಮಾಂಸ ಬಿಸಿ ಇತ್ತು. ಮಧ್ಯಾಹ್ನ ಬೇಯಿಸಿ ಸಂಜೆಗೇ ಕೊಯ್ಯಲು ಕೂತಿದ್ದೆ. ಅತ್ತೆಯನ್ನು ಕೇಳಿದೆ, ನೀವು ಯಾವಾಗ ಕೊಯ್ಯುತ್ತಿದ್ದಿರಿ ಅಂತ. ‘ಮರುದಿನ ಬೆಳಗ್ಗೆ ಪೂಜೆಗೆ ಹೋಗುವ ಮೊದಲು’ ಅಂದರು. ಮತ್ತೆ ಹೋದ ವರ್ಷ ಯಾಕೆ ಹೇಳಲಿಲ್ಲ ಅಂದರೆ, ‘ನೀನು ಕೇಳಲಿಲ್ಲ’!

ಭಟ್ರೇ, ವೈರ್‌ಮನ್ ಬಂದಿದ್ದ. ನೀವು ಹೇಳಿದ್ದೇ ಆಯಿತು. ಅಡುಗೆಮನೆಯ ಎರಡೂ ಪ್ಲಗ್ಗಿನಲ್ಲಿ ಮೂರನೇ ತೂತು ಬರೀ ಅಲಂಕಾರ. ನಾವು ಇಷ್ಟು ವರ್ಷ ಗ್ರೈಂಡರ್ ಹೇಗೆ ಓಡಿಸಿದೆವೋ. ಈಗ ಹಿತ್ತಿಲಲ್ಲಿ ಹೊಸ ಅರ್ಥಿಂಗ್ ಗುಂಡಿ ತೋಡಿಸಿ ವೈರ್ ಎಳೆಸಿದ್ದೇವೆ. ಮಷಿನ್ ಬರುವ ಮೊದಲೇ ಬಜೆಟ್ಟಿನಲ್ಲಿ ಮೂರು ಸಾವಿರ ಹೋಯಿತು. ತುಕ್ಕಿನ ಬಗ್ಗೆ ಯಾರೂ ಹೇಳಲಿಲ್ಲ ನೋಡಿ.

ಮೋಟರ್ ರಿಪೇರಿ ಭಟ್ಟ, ಶಿರಸಿ:

ಮೂರು ಸಾವಿರಕ್ಕೆ ಜೀವ ಉಳಿಯಿತು ಅಂದುಕೊಳ್ಳಿ.

ತುಕ್ಕು ಮರೆತೆ. ಘಟ್ಟದ ಮೇಲೆ ಇರುವವನಿಗೆ ನಿಮ್ಮ ಉಪ್ಪುಗಾಳಿ ನೆನಪಾಗುವುದಿಲ್ಲ. ಬ್ಲೇಡ್ ಸ್ಟೇನ್‌ಲೆಸ್ ಇರಲಿ. ಹಳೆ ಹೋಟೆಲ್ ಮಷಿನ್‌ಗಳಲ್ಲಿ ಎಷ್ಟೋ ಸಲ ಕಬ್ಬಿಣಕ್ಕೆ ಕ್ರೋಮ್ ಹಚ್ಚಿದ್ದು ಇರುತ್ತದೆ. ಸಾಣೆ ಹಿಡಿದ ಕಡೆ ಕ್ರೋಮ್ ಹೋಗಿ ತುಕ್ಕು ಅಲ್ಲಿಂದ ಶುರು. ಸ್ಟೇನ್‌ಲೆಸ್ ಆದರೂ ಉಪ್ಪಿನ ಮಾಂಸ ಮೆತ್ತಿಕೊಂಡೇ ರಾತ್ರಿ ಕಳೆದರೆ ಚುಕ್ಕೆ ಬೀಳುತ್ತದೆ. ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಆರಿಸಿ ಜೋಡಿಸಿ. ಅಲ್ಯೂಮಿನಿಯಂ ಭಾಗ ಪಾತ್ರೆ ತೊಳೆಯುವ ಮಷಿನ್ನಿಗೆ ಹಾಕಿದರೆ ಕಪ್ಪಾಗುತ್ತದೆ, ಕೈಯಲ್ಲೇ ತೊಳೆಯಿರಿ. ತಟ್ಟೆ ಜಾರುವ ಸರಳಿಗೆ ಆಹಾರಕ್ಕೆ ನಡೆಯುವ ಬಿಳಿ ಮಿನರಲ್ ಆಯಿಲ್ ಎರಡು ಹನಿ. ತೆಂಗಿನೆಣ್ಣೆ ಹಾಕಬೇಡಿ. ನಮ್ಮವರಿಗೆ ಎಲ್ಲದಕ್ಕೂ ತೆಂಗಿನೆಣ್ಣೆ. ಅದು ಕೆಲವು ತಿಂಗಳಲ್ಲಿ ಅಂಟಾಗಿ ಕೂರುತ್ತದೆ.

ಬ್ಲೇಡ್ ತೆಗೆಯುವಾಗ ಒಂದು ಜಾಗ್ರತೆ. ಕೆಲವು ಮಷಿನ್ನಿನಲ್ಲಿ ನಡುವಿನ ತಿರುಪು ಉಲ್ಟಾ, ಗಡಿಯಾರದ ಮುಳ್ಳಿನ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ನನ್ನಲ್ಲಿಗೆ ಬಂದ ಎರಡನೇ ಮಷಿನ್ ಹೀಗೇ ಸ್ಕ್ರೂಡ್ರೈವರ್ ಹಾಕಿ ತಪ್ಪು ಕಡೆ ತಿರುಗಿಸಿ ಒಡೆದದ್ದು. ಪುಸ್ತಕ ಓದಿ ಮುಟ್ಟಿ.

ಕೋಡಿಬಾಗದ ಸೊಸೆ, ಕಾರವಾರ (ಡಿಸೆಂಬರ್ 27):

ತಡವಾಗಿ ಬರೆಯುತ್ತಿದ್ದೇನೆ, ಮನೆ ತುಂಬ ಜನ.

ನವೆಂಬರಿನಲ್ಲಿ ರೈಲು ಹತ್ತಿ ಮಡಗಾಂವಿಗೆ ಹೋಗಿ ಅಂಗಡಿಯಲ್ಲಿ ಕೈಯಾರೆ ಬಿಚ್ಚಿ ನೋಡಿಯೇ ತಂದೆ. ಅಂಗಡಿ ಹುಡುಗ ಕ್ಯಾರೆಟ್ ಕೊಯ್ದು ತೋರಿಸಲು ಬಂದ. ಅದು ಬೇಡ, ಬ್ಲೇಡ್ ಬಿಚ್ಚಿ ತೋರಿಸು ಅಂದೆ. ಮೂರು ಮಷಿನ್ನಿನಲ್ಲಿ ಎರಡನ್ನು ಅವನಿಗೇ ಬಿಚ್ಚಲು ಬರಲಿಲ್ಲ. ಬಿಚ್ಚಿದ್ದನ್ನು ತಂದೆ! ಏಳೂವರೆ ಇಂಚು, 150 ವ್ಯಾಟ್, ನುಣುಪು ಬ್ಲೇಡ್ ಬೇರೆ ದುಡ್ಡು ಕೊಟ್ಟು. ಹೌದು ಭಟ್ರೇ, ಉಲ್ಟಾ ತಿರುಪೇ.

ಒಂದು ಎಡವಟ್ಟು ಆಯಿತು. ನಮ್ಮ ಕಟ್ಟೆಗೆ ಹಾಕಿದ್ದು ಕಡಪ ಕಲ್ಲು, ಒರಟು. ಮಷಿನ್ನಿನ ರಬ್ಬರ್ ಕಾಲು ಅದಕ್ಕೆ ಕಚ್ಚಲೇ ಇಲ್ಲ. ಮೊದಲ ಸಲ ಚಿಕನ್ ಕೊಯ್ಯುವಾಗ ಮಷಿನ್ನೇ ನನ್ನ ಜೊತೆ ಜಾರುತ್ತ ಬಂತು. ಎದೆ ಧಸಕ್ಕೆಂದಿತು. ಆಮೇಲೆ ಹಳೆ ಊಟದ ಮೇಜಿನ ಗಾಜು ಇತ್ತು, ಅದನ್ನು ಕಟ್ಟೆ ಮೇಲೆ ಅಂಟಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟೆ. ಈಗ ಅಲ್ಲಾಡುವುದಿಲ್ಲ. ಕೊಳ್ಳುವವರು ಮೊದಲು ಮನೆ ಕಟ್ಟೆ ನೋಡಿ.

24ಕ್ಕೆ ಬೆಳಗ್ಗೆ ಉಪ್ಪಿನ ಮಾಂಸ. ಮುಕ್ಕಾಲು ಗಂಟೆ ಫ್ರೀಜರ್, ಹೆಬ್ಬೆರಳು, ಹಳೆ ಸಾಬೂನು, ಎಲ್ಲ ಹೇಳಿದ ಹಾಗೆ. ಗುಂಡಿ ಒಂದೂವರೆಗೆ ಇಟ್ಟೆ. ಅದು ಮಿಲಿಮೀಟರೋ ಏನೋ, ನನ್ನ ಅಂದಾಜಿಗೆ ಸ್ವಲ್ಪ ಜಾಸ್ತಿಯೇ ಬರುತ್ತದೆ. ಮೊದಲ ಹೋಳು ಬಿದ್ದಾಗ ಅತ್ತೆ ಅದನ್ನು ಎತ್ತಿ ಕಿಟಕಿ ಬೆಳಕಿಗೆ ಹಿಡಿದರು. ಎರಡು ಸಲ ತಿರುಗಿಸಿ ನೋಡಿದರು. ‘ಇನ್ನೂ ಸ್ವಲ್ಪ’ ಅಂದರು. ಒಂದಕ್ಕೆ ಇಳಿಸಿದೆ. ಆಮೇಲೆ ಮಾತಿಲ್ಲ, ಸುಮ್ನೆ ತಟ್ಟೆ ಮುಂದೆ ತಂದಿಟ್ಟರು. ಹೂವು ಕಂಡಿತು.

ಕೊನೆಗೆ ಎರಡು ಬೆರಳಿನಷ್ಟು ಮೋಟು ಉಳಿಯುತ್ತದೆ, ಹಿಡಿಯ ಮುಳ್ಳು ಕಚ್ಚಿಕೊಂಡದ್ದು. ಅದನ್ನು ಮಷಿನ್ ಕೊಯ್ಯುವುದಿಲ್ಲ. ನಾನು ಬೇಯಿಸಿದ ಬಟಾಟೆಗೆ ಹಾಕೋಣ ಅಂತಿದ್ದೆ. ಅತ್ತೆ ತಮ್ಮ ಹಳೆ ಕತ್ತಿ ತಂದು ಕೂತು ಅದನ್ನು ಕೊಯ್ದರು. ಅಷ್ಟೇ ತಾನೆ, ಐದು ನಿಮಿಷದೊಳಗಿನ ಕೆಲಸ. ಕೈ ನಡುಗಲಿಲ್ಲ. ಅದನ್ನು ಬೇರೆ ತಟ್ಟೆಯಲ್ಲಿ ಇಟ್ಟರು, ಪಕ್ಕದ ಮನೆಗೆ ಕಳಿಸಲಿಲ್ಲ.

ಒಂದು ಕೊನೇ ಪ್ರಶ್ನೆ ಭಟ್ರೇ. ಮುಚ್ಚಿಡಲು ಹಳೆ ತಲೆದಿಂಬಿನ ಬಟ್ಟೆಯಲ್ಲಿ ಒಂದು ಚೀಲ ಹೊಲಿದಿದ್ದೇನೆ. ಸಾಕಾ, ಪ್ಲಾಸ್ಟಿಕ್ಕಿನದು ಬೇಕಾ?

ಮೋಟರ್ ರಿಪೇರಿ ಭಟ್ಟ, ಶಿರಸಿ:

ಬಟ್ಟೆಯದ್ದೇ ಇರಲಿ. ಪ್ಲಾಸ್ಟಿಕ್ ಹಾಕಿದರೆ ಒಳಗೆ ಬೆವರುತ್ತದೆ. ವೈರನ್ನು ಮಾತ್ರ ಬ್ಲೇಡಿನ ಕಡೆ ಸುತ್ತಬೇಡಿ, ಮೂರನೇ ಮಷಿನ್ ನನ್ನಲ್ಲಿಗೆ ಬಂದದ್ದು ಅದಕ್ಕೇ.